ದ್ವೀಪ ಗೆಲ್ಲೋಕೆ ಸಾಮಾನು ಹೊರೋರೂ ಬೇಕು

ಯುದ್ಧ ಅಂದ ತಕ್ಷಣ ನಾವು ಎಣಿಸೋದು ಏನನ್ನ? ಯುದ್ಧನೌಕೆ ಎಷ್ಟು, ವಿಮಾನ ಎಷ್ಟು, ಕ್ಷಿಪಣಿ ಎಷ್ಟು. ಇಂಜಿನಿಯರಿಂಗ್ ಓದಿದ ನನಗೆ ಮೊದಲು ಬರೋ ಪ್ರಶ್ನೆ ಬೇರೆ: ಇಷ್ಟನ್ನೆಲ್ಲ ಅಲ್ಲಿಗೆ ಹೊತ್ತುಕೊಂಡು ಹೋಗೋರು ಯಾರು?

1982ರ ಏಪ್ರಿಲ್ 2ರಂದು ದಕ್ಷಿಣ ಅಟ್ಲಾಂಟಿಕ್‌ನಲ್ಲಿರುವ ಫಾಕ್‌ಲ್ಯಾಂಡ್ ದ್ವೀಪಗಳನ್ನು ಅರ್ಜೆಂಟೀನಾ ವಶಪಡಿಸಿಕೊಂಡಿತು. ಮೂರೇ ದಿನಕ್ಕೆ ಬ್ರಿಟನ್‌ನ ಪೋರ್ಟ್ಸ್‌ಮತ್ ಬಂದರಿನಿಂದ ಹರ್ಮಿಸ್, ಇನ್‌ವಿನ್ಸಿಬಲ್ ಎಂಬ ಎರಡು ವಿಮಾನವಾಹಕ ನೌಕೆಗಳು ಹೊರಟವು. ದಾರಿ ಸುಮಾರು 13 ಸಾವಿರ ಕಿಲೋಮೀಟರ್. ಎರಡರಲ್ಲೂ ಸೇರಿ ಇದ್ದ ಸೀ ಹ್ಯಾರಿಯರ್ ವಿಮಾನಗಳು ಬರೀ 20. ಅಂದಹಾಗೆ, 1987ರಲ್ಲಿ ನಮ್ಮ ನೌಕಾಪಡೆ ಸೇರಿ ಐಎನ್‌ಎಸ್ ವಿರಾಟ್ ಆದದ್ದು ಇದೇ ಹರ್ಮಿಸ್.

ಈಗ ಅಸಲಿ ಲೆಕ್ಕ ನೋಡಿ. ಆ ಯುದ್ಧಕ್ಕೆ ಬ್ರಿಟನ್ ಬಳಸಿದ ಹಡಗು ಒಟ್ಟು 127. ನೌಕಾಪಡೆಯವು 43, ಅದಕ್ಕೆ ಇಂಧನ, ಮದ್ದುಗುಂಡು ಪೂರೈಸುವ ಹಡಗುಗಳು 22. ಉಳಿದ 62? ಜನಸಾಮಾನ್ಯರ ಹಡಗುಗಳು! ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದ ಕ್ಯಾನ್‌ಬೆರಾ ಹಡಗಿಗೆ ಹೆಲಿಪ್ಯಾಡ್ ಕೂರಿಸಿ ಸೈನಿಕರನ್ನು ತುಂಬಿದರು.

ಅಟ್ಲಾಂಟಿಕ್ ಕನ್ವೇಯರ್ ಕೂಡ ಅಂಥದ್ದೇ ಒಂದು ಕಂಟೇನರ್ ಹಡಗು. ಕ್ಷಿಪಣಿ ತಡೆಯೋಕೆ ಅದರಲ್ಲಿ ಏನೂ ಇರಲಿಲ್ಲ. ಮೇ 21ಕ್ಕೆ ಬ್ರಿಟಿಷ್ ಸೈನಿಕರು ಸ್ಯಾನ್ ಕಾರ್ಲೋಸ್ ತೀರದಲ್ಲಿ ಇಳಿದರು. ನಾಲ್ಕೇ ದಿನಕ್ಕೆ ಅರ್ಜೆಂಟೀನಾದ ಎಕ್ಸೋಸೆಟ್ ಕ್ಷಿಪಣಿ ಈ ಹಡಗಿಗೆ ಬಡಿಯಿತು. ಕ್ಯಾಪ್ಟನ್ ಇಯಾನ್ ನಾರ್ತ್ ಸೇರಿ 12 ಜನ ಸತ್ತರು. ಜೊತೆಗೆ ಮೂರು ಭಾರೀ ಚಿನೂಕ್ ಹೆಲಿಕಾಪ್ಟರ್‌ಗಳು, ಸೈನಿಕರ ಡೇರೆಗಳು ಎಲ್ಲಾ ಸುಟ್ಟುಹೋದವು. ಒಂದು ಚಿನೂಕ್ ಆಗ ಹಾರಾಟದಲ್ಲಿದ್ದದ್ದಕ್ಕೆ ಉಳೀತು, ಅಷ್ಟೇ.

ಪರಿಣಾಮ ಏನಾಯ್ತು ಗೊತ್ತಾ? ರಾಜಧಾನಿ ಸ್ಟ್ಯಾನ್ಲಿ ಇದ್ದದ್ದು ದ್ವೀಪದ ಆ ಬದಿಯಲ್ಲಿ. ನಡುವೆ ಸರಿಯಾದ ರಸ್ತೆಯೇ ಇಲ್ಲ, ಬರೀ ಕೆಸರು ನೆಲ. ಹಾರಿ ಹೋಗಬೇಕಿದ್ದ ನೂರಾರು ಸೈನಿಕರು ಬೆನ್ನ ಮೇಲೆ ಭಾರ ಹೊತ್ತು, ಚಳಿಯಲ್ಲಿ, ನಡೆದೇ ಹೋದರು. ಜೂನ್ 14ಕ್ಕೆ ಅರ್ಜೆಂಟೀನಾ ಪಡೆ ಶರಣಾಯಿತು. ಅಷ್ಟರಲ್ಲಿ ಬ್ರಿಟನ್‌ನ 255, ಅರ್ಜೆಂಟೀನಾದ 649 ಯೋಧರು, ದ್ವೀಪದ ಮೂವರು ನಿವಾಸಿಗಳು ಪ್ರಾಣ ಕಳ್ಕೊಂಡಿದ್ದರು.

ಹಾಗಾಗಿ ಒಂದು ಮಾತು. ಯಾವುದೋ ದ್ವೀಪದತ್ತ ನೌಕಾಪಡೆ ಹೊರಟಿದೆ ಅಂತ ನಮ್ಮ ಪರದೆಯಲ್ಲಿ ಬ್ರೇಕಿಂಗ್ ನ್ಯೂಸ್ ಬಂದಾಗ, ತೋಪುಗಳನ್ನಷ್ಟೇ ಎಣಿಸಬೇಡಿ. ಹಿಂದೆ ಬರೋ ಸರಕು ಹಡಗುಗಳನ್ನೂ ಎಣಿಸಿ. ಅದರಲ್ಲಿರೋದು ಸಮವಸ್ತ್ರ ತೊಡದ, ಸಂಬಳಕ್ಕೆ ದುಡಿಯೋ ಜನ. ಯುದ್ಧ ಅವರನ್ನೂ ಬಿಡಲ್ಲ.