ಗಂಟಲಿನ ಕಾವಲುಗಾರ ದಾರಿ ತಪ್ಪಿದಾಗ

ಕನ್ನಡಿಯ ಮುಂದೆ ನಿಂತು ಬಾಯಿ ಅಗಲಿಸಿದರೆ ಕಿರುನಾಲಗೆಯ ಎರಡೂ ಪಕ್ಕದಲ್ಲಿ ಬಾದಾಮಿಯಂಥ ಎರಡು ಉಬ್ಬುಗಳು ಕಾಣುತ್ತವೆ. ಇವೇ ಟಾನ್ಸಿಲ್‌ಗಳು. ಮೂಗಿನ ಹಿಂದೆ, ನಾಲಗೆಯ ಬುಡದಲ್ಲೂ ಇದೇ ಬಗೆಯ ಅಂಗಾಂಶವಿದೆ. ಎಲ್ಲ ಸೇರಿ ಗಂಟಲಿಗೊಂದು ಕಾವಲು ಬಳೆ. ಜರ್ಮನಿಯ ಅಂಗರಚನಾ ತಜ್ಞ ವಾಲ್ಡೆಯರ್ ಅವರ ಹೆಸರು ಇದಕ್ಕಿದೆ. (1888ರಲ್ಲಿ ವರ್ಣತಂತುವಿಗೆ ‘ಕ್ರೋಮೊಸೋಮ್’ ಎಂದು ನಾಮಕರಣ ಮಾಡಿದವರೂ ಇವರೇ!)

ರೋಗಾಣುಗಳೊಡನೆ ಸೆಣಸುವ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಠಾಣೆ ಇದು. ಆ ಕಣಗಳೇ ಲಂಗುಲಗಾಮಿಲ್ಲದೆ ಬೆಳೆದರೆ ಅದು ಲಿಂಫೋಮ ಎಂಬ ಕ್ಯಾನ್ಸರ್. ಶಾಲಾ ಮಕ್ಕಳ ಗಂಟಲು ನೋವಿಗೆ ಬಹುಪಾಲು ವೈರಸ್ ಕಾರಣವಾದ್ದರಿಂದ ತಂದೆತಾಯಿ ಗಾಬರಿಗೊಳ್ಳಬೇಕಿಲ್ಲ. ಆದರೆ ಒಂದೇ ಕಡೆಯ ಟಾನ್ಸಿಲ್ ವಾರಗಟ್ಟಲೆ ಊದಿಕೊಂಡೇ ಇದ್ದು, ಕತ್ತಿನಲ್ಲಿ ನೋವಿಲ್ಲದ ಗಂಟು, ರಾತ್ರಿ ಬೆವರು, ತೂಕ ಇಳಿಕೆ ಜೊತೆಗೂಡಿದರೆ ಮಾತ್ರೆ ಬದಲಿಸುತ್ತ ಕೂರುವುದು ತರವಲ್ಲ. ಕ್ಷಯವೂ ಇದೇ ವೇಷದಲ್ಲಿ ಬರುತ್ತದೆ. ಕಣ್ಣಳತೆಯಲ್ಲಿ ಎರಡನ್ನೂ ಬೇರ್ಪಡಿಸಲಾಗದು.

ಇಲ್ಲಿ ಸೂಜಿ ಚುಚ್ಚಿ ತೆಗೆದ ನಾಲ್ಕಾರು ಜೀವಕೋಶ ಸಾಲದು. ಕೋಶಗಳು ಹೇಗೆ ಜೋಡಣೆಯಾಗಿವೆ ಎಂಬುದೂ ತಿಳಿಯಬೇಕು. ಅದಕ್ಕೇ ಅಂಗಾಂಶದ ತುಣುಕು, ಕೆಲವೊಮ್ಮೆ ಇಡೀ ಟಾನ್ಸಿಲ್ ತೆಗೆದು ಪರೀಕ್ಷಿಸುತ್ತಾರೆ. ಅದಕ್ಕೂ ಮೊದಲೇ ಸ್ಟಿರಾಯ್ಡ್ ಕೊಟ್ಟರೆ ಊತ ಇಳಿಯುತ್ತದೆ, ರೋಗಿಗೆ ಹಾಯೆನಿಸುತ್ತದೆ. ಆದರೆ ರೋಗದ ಗುರುತೂ ಅಳಿಸಿಹೋಗಬಹುದು.

ಇವುಗಳಲ್ಲಿ ಅತಿ ಕಪಟಿ ಎಂದರೆ ಮೂಗು, ಗಂಟಲನ್ನು ಕೊರೆಯುವ ಎನ್‌ಕೆ/ಟಿ ಲಿಂಫೋಮ. ಇದು ರಕ್ತನಾಳಗಳನ್ನೇ ಹಾಳುಗೆಡವಿ ಸುತ್ತಲ ಅಂಗಾಂಶವನ್ನು ಸಾಯಿಸುತ್ತದೆ. ತೆಗೆದ ತುಣುಕಿನಲ್ಲಿ ಸತ್ತ ಭಾಗವೇ ತುಂಬಿರುವುದರಿಂದ ‘ಬರೀ ಉರಿಯೂತ’ ಎಂಬ ವರದಿ ಬರುವುದುಂಟು. ಅನುಮಾನ ಉಳಿದರೆ ಎರಡನೆಯ, ಮೂರನೆಯ ಸಲವೂ ತುಣುಕು ತೆಗೆಯಬೇಕಾಗುತ್ತದೆ. ಇದರ ಕೋಶಗಳಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ ಅಡಗಿರುತ್ತದೆ. ಆಫ್ರಿಕದ ಮಕ್ಕಳ ದವಡೆ ಗಡ್ಡೆಯ ಕೋಶಗಳಲ್ಲಿ 1964ರಲ್ಲಿ ಪತ್ತೆಯಾದ ವೈರಸ್ ಇದು. ಅದರ ಜಾಡು ಸಿಕ್ಕರೆ ಅರ್ಧ ಒಗಟು ಬಿಡಿಸಿದಂತೆ.

ಉಳಿದರ್ಧಕ್ಕೆ ಪ್ರತಿಕಾಯಗಳ ನೆರವು. ಕೊಹ್ಲರ್ ಮತ್ತು ಮಿಲ್‌ಸ್ಟೀನ್ 1975ರಲ್ಲಿ ಒಂದೇ ಗುರಿಯ ಪ್ರತಿಕಾಯ ತಯಾರಿಸುವ ವಿಧಾನ ಕಂಡುಹಿಡಿದರು. 1984ರಲ್ಲಿ ನೊಬೆಲ್ ಪಡೆದರು. ಸೂಕ್ಷ್ಮದರ್ಶಕದಲ್ಲಿ ಅವಳಿಗಳಂತೆ ಕಾಣುವ ಕೋಶಗಳು ಈ ಪ್ರತಿಕಾಯ ಅಂಟಿ ಬಣ್ಣ ತಳೆದಾಗ ಬೇರೆಬೇರೆಯಾಗುತ್ತವೆ. ಸಿಡಿ20 ಗುರುತಿದ್ದರೆ ಸಾಮಾನ್ಯವಾಗಿ ಬಿ ಬಗೆ. ಸಿಡಿ56 ಇದ್ದರೆ ಎನ್‌ಕೆ ಕಡೆಗೆ ಬೊಟ್ಟು. ಮೊದಲನೆಯದಕ್ಕೆ ನಾಟುವ ರಿಟುಕ್ಸಿಮ್ಯಾಬ್ ಎರಡನೆಯದಕ್ಕೆ ನಾಟದು.

ಇಂಥ ಸಂದರ್ಭದಲ್ಲಿ ಮತ್ತೊಬ್ಬ ತಜ್ಞರ ಅಭಿಪ್ರಾಯ ಕೇಳುವುದು ಮೊದಲ ವೈದ್ಯರಿಗೆ ಅವಮಾನವೇನಲ್ಲ. ಹೋಗುವಾಗ ವರದಿಯ ಕಾಗದವಷ್ಟೇ ಸಾಲದು. ಪ್ರಯೋಗಾಲಯದಲ್ಲಿರುವ ಗಾಜಿನ ಸ್ಲೈಡು ಮತ್ತು ಮೇಣದ ಅಚ್ಚನ್ನೂ ಕೇಳಿ ಪಡೆದು ಒಯ್ಯಬೇಕು.