ವಿಜಯನಗರಕ್ಕೆ ಬಂದವರು ಕಂಡದ್ದು

ಪ್ರಯಾಣ ಹೊರಟ ಮಾತ್ರಕ್ಕೆ ಇನ್ನೊಬ್ಬರ ಬದುಕು ಅರ್ಥವಾಗುವುದಿಲ್ಲ. ಬಂದವನು ಯಾವ ಕೆಲಸಕ್ಕೆ ಬಂದ, ಎಷ್ಟು ದಿನ ನಿಂತ, ಯಾರೊಡನೆ ಬೆರೆತ ಎನ್ನುವುದರ ಮೇಲೆ ಅವನ ತಿಳಿವಳಿಕೆ ನಿಂತಿರುತ್ತದೆ. ಇಂದು ಕುರೆಕುಪ್ಪ, ತೋರಣಗಲ್ಲುಗಳ ಕಡೆಗೆ ಉಕ್ಕಿನ ಕಾರ್ಖಾನೆಯ ಕೆಲಸ ಅರಸಿ, ಹಂಪಿಗೆ ಕಲ್ಲಿನ ರಥ ನೋಡಲು ದೂರದೂರದ ಜನ ಬರುತ್ತಾರೆ. ಆರುನೂರು ವರ್ಷಗಳ ಹಿಂದೆಯೂ ಈ ಸೀಮೆಗೆ ಹೊರನಾಡಿನವರು ಬರುತ್ತಿದ್ದರು. ಅವರಲ್ಲಿ ಕೆಲವರು ಬರೆದಿಟ್ಟದ್ದು ಉಳಿದಿದೆ.

ಹೆರಾತ್‌ನ ದೊರೆ ಶಾರುಖ್‌ನ ರಾಯಭಾರಿ ಅಬ್ದುಲ್ ರಜಾಕ್ 1442ರಲ್ಲಿ ಊರು ಬಿಟ್ಟು, ಹಾರ್ಮುಜ್ ದಾಟಿ ಕಲ್ಲಿಕೋಟೆಗೆ ಬಂದ. ಆ ಊರು ಅವನಿಗೆ ಹಿಡಿಸಲಿಲ್ಲ. ವಿಜಯನಗರದ ದೊರೆ ಇಮ್ಮಡಿ ದೇವರಾಯನ ಕರೆ ಬಂದು 1443ರಲ್ಲಿ ಆ ನಗರ ತಲುಪಿದ ಮೇಲೆ ಬರಹದ ಧಾಟಿಯೇ ಬದಲಾಗುತ್ತದೆ. ಅರಮನೆಗೆ ಹೋದಾಗಲೆಲ್ಲ ತಾಂಬೂಲ, ಹಣದ ಚೀಲ, ಕರ್ಪೂರ ಕೈಗೆ ಬರುತ್ತಿದ್ದವು ಎನ್ನುವುದೂ ಒಂದು ಕಾರಣವಿದ್ದೀತು. ಆದರೆ ಅವನು ಆ ತಾಂಬೂಲವನ್ನು ಪಡೆದು ಸುಮ್ಮನಾಗಲಿಲ್ಲ. ಎಲೆ, ಅಡಿಕೆ, ಸುಣ್ಣ ಸೇರಿಸಿ ಮೆಲ್ಲುವ ಬಗೆಯನ್ನೂ ಅದರ ಗುಣವನ್ನೂ ವಿವರವಾಗಿ ಬರೆದ. ಈ ಊರಿನವರಿಗೆ ಅನ್ನದಷ್ಟೇ ಹೂವೂ ಬೇಕು ಎಂದು ಗಮನಿಸಿದ. ಇಲ್ಲಿ ಎರಡು ಬಗೆಯ ಬರವಣಿಗೆ ಇದೆ, ಕಂಠವೆಂಬ ಕಬ್ಬಿಣದ ಮೊನೆಗಡ್ಡಿಯಿಂದ ಓಲೆಗರಿಯ ಮೇಲೆ ಕೊರೆಯುವುದು ಒಂದು, ಕಪ್ಪು ಬಳಿದ ಮೈಯ ಮೇಲೆ ಮೆದುಗಲ್ಲಿನಿಂದ ಬೆಳ್ಳಗೆ ಬರೆಯುವುದು ಇನ್ನೊಂದು ಎಂದೂ ದಾಖಲಿಸಿದ. ಎರಡನೆಯದು ಕನ್ನಡ ನಾಡಿನ ಕಡತ. ತಾನೂ ಬರಹಗಾರನಾದ್ದರಿಂದ ಅವನ ಕಣ್ಣು ಅಲ್ಲಿಗೆ ಹೋಯಿತು.

ವ್ಯಾಪಾರಿಯ ಕಣ್ಣು ಹೋಗುವುದೇ ಬೇರೆ ಕಡೆಗೆ. 1535ರ ಸುಮಾರಿಗೆ ಇಲ್ಲಿದ್ದ ಪೋರ್ಚುಗೀಸ ಫೆರ್ನಾವೊ ನೂನಿಜ್ ಕುದುರೆ ವ್ಯಾಪಾರಕ್ಕೆ ಬಂದವನೆನ್ನುತ್ತಾರೆ. ಹಿಂದಿನ ದೊರೆ ಸಾಳುವ ನರಸಿಂಹ ಸಾವಿರ ಪರ್ದಾವ್ ನಾಣ್ಯಕ್ಕೆ ಮೂರರಂತೆ ಕುದುರೆ ಕೊಳ್ಳುತ್ತಿದ್ದ, ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಬೆಲೆ ಕೊಡುತ್ತಿದ್ದ ಎನ್ನುವ ಸುದ್ದಿ ಸಿಗುವುದು ನೂನಿಜ್‌ನ ಬರಹದಲ್ಲೇ. ಅರಮನೆಯ ಲೆಕ್ಕ ಬರೆಯುವ ಹೆಂಗಸರ ವಿಷಯವನ್ನೂ ಅವನು ಹೇಳುತ್ತಾನೆ.

ಕಂಡದ್ದು, ಕೇಳಿದ್ದು, ತಪ್ಪಾಗಿ ತಿಳಿದದ್ದು ಮೂರೂ ಒಂದೇ ಕಡೆ ಬೆರೆತಿರುವುದನ್ನು ಕಾಣಲು ಕೃಷ್ಣದೇವರಾಯ ಕಟ್ಟಿಸಿದ ಕೆರೆಯ ಕಥೆಯನ್ನು ನೋಡಬೇಕು. ಹೊಸಪೇಟೆಯ ದಕ್ಷಿಣಕ್ಕೆ, ಸಂಡೂರು ಬೆಟ್ಟಸಾಲಿನ ಕಣಿವೆಯ ಬಾಯಿಗೆ ಕಟ್ಟಿದ ರಾಯರ ಕೆರೆಯೇ ಅದು ಎಂದು ಗುರುತಿಸಲಾಗಿದೆ. 1520ರ ಆಸುಪಾಸಿನಲ್ಲಿ ಬಂದ ಇನ್ನೊಬ್ಬ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಕೆಲಸ ನಡೆಯುವುದನ್ನು ಕಣ್ಣಾರೆ ಕಂಡ: ಹದಿನೈದು ಇಪ್ಪತ್ತು ಸಾವಿರ ಆಳು, ಕಾಲಡಿಯ ನೆಲ ಕಾಣದಷ್ಟು ದಟ್ಟವಾಗಿ, ಇರುವೆಗಳಂತೆ. ನೂನಿಜ್ ಬರೆದದ್ದು ಕೇಳಿದ ಕಥೆ. ಗೋವೆಯಿಂದ ಬಂದ ಕಲ್ಲುಕೆಲಸದ ಮೇಸ್ತ್ರಿ ಜೊವಾವೊ ದೆ ಲಾ ಪೊಂಟೆ ಸುಣ್ಣ ಸುಡಿಸಬೇಕೆಂದಾಗ ರಾಯ ನಕ್ಕುಬಿಟ್ಟನಂತೆ. ಈ ದೇಶದವರಿಗೆ ಸುಣ್ಣದಿಂದ ಕಟ್ಟುವುದು ಗೊತ್ತಿಲ್ಲವೆಂದು ನೂನಿಜ್ ಕಾರಣ ಕೊಡುತ್ತಾನೆ. ಆದರೆ ಅದೇ ರಾಯ 1510ರಲ್ಲಿ ವಿರೂಪಾಕ್ಷ ಗುಡಿಗೆ ಕಟ್ಟಿಸಿದ ಗೋಪುರದ ಇಟ್ಟಿಗೆಯ ಮೇಲೆ ಸುಣ್ಣದ ಗಾರೆಯ ಗೊಂಬೆಗಳಿವೆ. ರಾಯ ನಕ್ಕಿದ್ದರೆ ಕಾರಣ ಬೇರೆ ಇರಬೇಕು. ಕೆರೆಯ ಏರಿ ಮತ್ತೆ ಮತ್ತೆ ಒಡೆದದ್ದಕ್ಕೆ ನರಬಲಿ ಕೊಟ್ಟರು ಎಂದು ಇಬ್ಬರೂ ಹೇಳುತ್ತಾರೆ. ಆದರೆ ಕೆಳಗಿನ ಗದ್ದೆಯನ್ನು ಒಂಬತ್ತು ವರ್ಷ ಕಂದಾಯವಿಲ್ಲದೆ ರೈತರಿಗೆ ಬಿಟ್ಟುಕೊಟ್ಟ ಸಂಗತಿ ಮಾತ್ರ ನೂನಿಜ್‌ನದು. ಕೆಲವು ವರ್ಷ ಇಲ್ಲೇ ಇದ್ದವನಿಗೆ ಅಂಥ ವಿವರ ದಕ್ಕುತ್ತದೆ.

ತಿಳಿವಳಿಕೆ ಬಂದವರ ಪಾಲಿಗೆ ಮಾತ್ರ ಬೆಳೆಯಲಿಲ್ಲ. ಪಾಯೆಸ್‌ನ ತಂಡಕ್ಕೆ ಅರಮನೆ ತೋರಿಸಿದಾಗ ಬಾಗಿಲ ಕಾವಲಿನವರು ಒಬ್ಬೊಬ್ಬರನ್ನೇ ಎಣಿಸಿ ಒಳಬಿಟ್ಟರು. ಒಳಗೊಂದು ಕಡೆ ಗೋಡೆಯ ಮೇಲೆ ಇಲ್ಲಿಗೆ ಬಂದುಹೋದ ನಾನಾ ದೇಶದವರ ಬಾಳಿನ ರೀತಿಯನ್ನು, ಪೋರ್ಚುಗೀಸರನ್ನೂ ಬಿಡದೆ, ಕುರುಡರು ಭಿಕ್ಷುಕರವರೆಗೆ ಚಿತ್ರಿಸಿದ್ದರು. ಯಾವ ದೇಶದವರು ಹೇಗೆ ಬಾಳುತ್ತಾರೆಂದು ರಾಣಿವಾಸದವರು ತಿಳಿಯಲಿ ಎಂಬುದೇ ಅದರ ಉದ್ದೇಶ. ಹೊಸ್ತಿಲು ದಾಟದವರಿಗೂ ಲೋಕ ತೋರಿಸುವ ಈ ಏರ್ಪಾಟು ಪಾಯೆಸ್‌ನ ಬರಹದಲ್ಲಿ ಸುಲಭವಾಗಿ ಕಣ್ತಪ್ಪುವ, ಆದರೆ ತುಂಬಾ ಬೆಲೆಯುಳ್ಳ ಸಾಲು. ಆ ಚಿತ್ರಗಳು ಉಳಿದಿಲ್ಲ. ಹಜಾರ ರಾಮ ಗುಡಿಯ ಗೋಡೆಯ ಕುದುರೆ ಸಾಲು, ಕಮಲ ಮಹಲಿನ ಕಮಾನು ಉಳಿದಿವೆ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿಯೂ ಉಳಿದಿದೆ. ಅದರ ಕನ್ನಡ ಶಾಸನ ಅದನ್ನು ಧರ್ಮಸಾಲೆ ಎಂದು ಕರೆದು, ಪುಣ್ಯವನ್ನು ದೊರೆಗೆ ಅರ್ಪಿಸುತ್ತದೆ.

ಪಾಯೆಸ್, ನೂನಿಜ್‌ರ ಬರಹಗಳು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದವು. 1900ರಲ್ಲಿ ರಾಬರ್ಟ್ ಸೀವೆಲ್ ಇಂಗ್ಲಿಷಿಗೆ ತಂದ. ಈ ಬರಹಗಳು ಬೇರೆಡೆ ಸಿಗದ್ದನ್ನು ಕೊಡುತ್ತವೆ. ಶಾಸನಗಳು ದಾನ ದತ್ತಿಗಳನ್ನು ಹೇಳುತ್ತವೆ, ಕಾವ್ಯಗಳು ದೊರೆಯ ಕೀರ್ತಿಯನ್ನು. ಕೃಷ್ಣದೇವರಾಯ ಬೆಳಗಿನ ಜಾವ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಕತ್ತಿ ವರಸೆ ಮಾಡಿ ಬೆವರಿಳಿಸುತ್ತಿದ್ದ ಎನ್ನುವಂಥ ದಿನಚರಿಯನ್ನು ಊರಿನವರು ಬರೆದಿಡಲಿಲ್ಲ, ಏಕೆಂದರೆ ದಿನಾ ಕಾಣುವುದನ್ನು ಯಾರೂ ಬರೆದಿಡುವುದಿಲ್ಲ. ಅದು ಗೊತ್ತಾದದ್ದು ಪಾಯೆಸ್‌ನಿಂದ.