ಸಮವಾದ ಆಟದ ಬೆಲೆ

ಚದುರಂಗದಲ್ಲಿ ಸಮವಾಗಿ ಮುಗಿದ ಆಟವನ್ನು ನಿಷ್ಫಲವೆಂದು ಭಾವಿಸುವವರುಂಟು. 1927ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ಜಗಜ್ಜೇತ ಕಾಪಾಬ್ಲಾಂಕನಿಗೂ ಅಲೆಖೀನನಿಗೂ ನಡೆದ ಸ್ಪರ್ಧೆಯನ್ನು ನೋಡಿರಿ. ಮೊದಲು ಆರು ಆಟ ಗೆದ್ದವನಿಗೆ ಪದವಿ, ಸಮವಾದುವು ಲೆಕ್ಕಕ್ಕಿಲ್ಲ. ನಡೆದ 34 ಆಟಗಳಲ್ಲಿ 25 ಸಮವಾದುವು.

ಎರಡನ್ನುಳಿದು ಮಿಕ್ಕೆಲ್ಲಕ್ಕೂ ಆರಂಭವೊಂದೇ. ಇಬ್ಬರೂ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುವರು. ಬಿಳಿಯವನು ಅದರ ಪಕ್ಕದ ಒಂಟೆಯ ಕಾಲಾಳನ್ನು ಬಲಿಗೊಡ್ಡುವನು. ಕರಿಯವನು ಅದನ್ನು ಹೊಡೆಯದೆ, ರಾಜನ ಕಾಲಾಳನ್ನು ಒಂದು ಮನೆ ಸರಿಸಿ ನಡುವಣದಕ್ಕೆ ಆಸರೆ ಕೊಡುವನು. ಕೋಟೆ ಭದ್ರವಾಯಿತು, ಆದರೆ ಅದರ ಹಿಂದೆ ಆತನದೇ ಒಂಟೆಯೊಂದು ಸೆರೆಯಾಯಿತು! ಅದನ್ನು ಬಿಡಿಸಿಕೊಳ್ಳುವುದೇ ಕರಿಯವನ ಸಾಧನೆ; ಬಿಡಿಸಿಕೊಂಡನೆಂದರೆ ಬಿಳಿಯವನ ಮೊದಲ ನಡೆಯ ಮೇಲುಗೈ ಕರಗುವುದು.

ಕಡೆಗೆ ಅಲೆಖೀನನು ಮೂರಕ್ಕೆ ಆರರಂತೆ ಗೆದ್ದು ಪದವಿಯನ್ನು ಪಡೆದನು. ಆದರೆ ಆ 25 ಆಟಗಳಲ್ಲಿ ಸೋಲದೆ ನಿಂತವರು ಇಬ್ಬರೂ ಅಲ್ಲವೆ?